ಕೂಗದೆ ಹತ್ತಿದ ಮರ

ಉಮುಡುರು ಊರಿನಲ್ಲಿ ಮೊದಲ ಕೋಳಿ ಕೂಗಿ, ಒಬ್ಬರು ಬಾಯಿ ಮುಕ್ಕಳಿಸುವಷ್ಟು ಹೊತ್ತಾದರೆ ಅನೊಜಿ ಕೂಗುತ್ತಿದ್ದ. ಕೋಳಿ ಒಂದೊಂದು ದಿನ ತಪ್ಪಿಸುವುದುಂಟು, ಅದನ್ನು ಯಾರೋ ಸಾರು ಮಾಡಿರುತ್ತಾರೆ. ಅನೊಜಿ ತಪ್ಪಿಸಿದವನಲ್ಲ. ಹೆಗಲಿಗೆ ಹಗ್ಗ, ಸೊಂಟಕ್ಕೆ ಚೂರಿ, ಸೈಕಲ್ಲಿನ ಎರಡು ಕಡೆಗೂ ಸೋರೆಬುರುಡೆಗಳು. ತಾಳೆಮರದ ಬುಡಕ್ಕೆ ಸೈಕಲ್ಲು ಒರಗಿಸಿ, ಅಂಗೈಗಳನ್ನು ಬಾಯಿಯ ಎರಡು ಬದಿಗೂ ಹಿಡಿದು, "ಮರಕ್ಕೆ ಬಂದೇ ಕಣ್ರವ್ವೋ!" ಎಂದು ಮೂರು ಸಲ ಕೂಗಿ, ಸ್ವಲ್ಪ ಹೊತ್ತು ನಿಂತು, ಆಮೇಲೆಯೇ ಹಗ್ಗವನ್ನು ಮರಕ್ಕೂ ತನ್ನ ಸೊಂಟಕ್ಕೂ ಸೇರಿಸಿ ಬಿಗಿಯುತ್ತಿದ್ದ.

ಊರಿನ ಮನೆಗಳ ಹಿಂದೆ ಸ್ನಾನಕ್ಕೆ ತಟ್ಟಿಯ ಮರೆಯಿದೆ, ಮೇಲೆ ಸೂರಿಲ್ಲ. ನೆಲದ ಮೇಲಿರುವವರಿಗೆ ಅದು ಮರೆ, ಮರದ ಮೇಲಿರುವವನಿಗೆ ಎಂಥ ಮರೆ? ಅದಕ್ಕೇ ಕೂಗು. ಕೂಗು ಕೇಳಿದ ಹೆಂಗಸರು ಬಟ್ಟೆ ಎಳೆದುಕೊಳ್ಳುತ್ತಾರೆ, ಕಚ್ಚಾಡುತ್ತಿದ್ದ ಗಂಡಹೆಂಡಿರು ದನಿ ತಗ್ಗಿಸುತ್ತಾರೆ. ಅಷ್ಟಾದ ಮೇಲೂ ಏನಾದರೂ ಕಣ್ಣಿಗೆ ಬಿದ್ದರೆ ಅದು ಮರದ ಮೇಲೆಯೇ ಉಳಿಯಬೇಕು. ಕಳ್ಳಿಳಿಸುವವನು ಮರದಿಂದ ಇಳಿಸಬೇಕಾದದ್ದು ಕಳ್ಳನ್ನು, ಸುದ್ದಿಯನ್ನಲ್ಲ. ಊರ ನ್ಯಾಯಕ್ಕೆ ಅವನನ್ನು ಸಾಕ್ಷಿಯಾಗಿ ಕರೆಯುವ ಪದ್ಧತಿಯೂ ಇಲ್ಲ. ಕರೆಯಲು ಶುರುಮಾಡಿದರೆ ಯಾರ ಮಾನವೂ ಉಳಿಯುವುದಿಲ್ಲವೆಂಬುದು ಹಿರಿಯರಿಗೆ ಚೆನ್ನಾಗಿ ಗೊತ್ತು.

ಕೂಗದೆ ಹತ್ತಿದವನ ಹಗ್ಗವನ್ನು ಊರ ಹೆಂಗಸರು ಕಿತ್ತುಕೊಳ್ಳುತ್ತಾರೆ. ಆಮೇಲೆ ವರ್ಷ ಪೂರ್ತಿ ಅವನು ಯಾವ ಮರವನ್ನೂ ಮುಟ್ಟುವಂತಿಲ್ಲ. ಅನೊಜಿಯ ಅಪ್ಪನ ಕಾಲದಲ್ಲಿ ಹಾಗೆ ಹಗ್ಗ ಕಳೆದುಕೊಂಡವನೊಬ್ಬನಿದ್ದ. ವರ್ಷ ತುಂಬುವಷ್ಟರಲ್ಲಿ ಅವನು ಹತ್ತುತ್ತಿದ್ದ ಮರಗಳೆಲ್ಲ ಬೇರೆಯವರ ಪಾಲಾಗಿ, ಕೊನೆಗೆ ಪೇಟೆಯಲ್ಲಿ ಮೂಟೆ ಹೊತ್ತು ಸತ್ತನಂತೆ. ಅಪ್ಪ ಹಗ್ಗ ಹೆಣೆಯಲು ಕೂತಾಗಲೆಲ್ಲ ಈ ಕಥೆ ಹೇಳುತ್ತಿದ್ದ. ಅನೊಜಿಗೆ ಈಗ ಐವತ್ತರ ಮೇಲೆ ವಯಸ್ಸು, ಕಥೆ ಮರೆತಿರಲಿಲ್ಲ.

ಅವನು ಹತ್ತುತ್ತಿದ್ದ ಹದಿನಾಲ್ಕು ಮರಗಳಲ್ಲಿ ಒಯಿದಿಯಾಳ ಹಿತ್ತಿಲಿನ ಮರದ ಕಳ್ಳು ಎಲ್ಲಕ್ಕಿಂತ ಸಿಹಿ. ಒಯಿದಿಯಾಳ ಗಂಡ ಎಮೆನಿಕೆ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಇಬ್ಬರು ಹೆಣ್ಣುಮಕ್ಕಳು, ಹಿತ್ತಿಲಿಗೆ ತಾಗಿದ ಒಂದು ಗೆಣಸಿನ ಹೊಲ, ಆ ಹೊಲದಂಚಿಗೆ ಈ ಮರ. ನಾಲ್ಕು ದಿನಕ್ಕೊಮ್ಮೆ ಇಳಿದ ಕಳ್ಳು ಅವಳ ಪಾಲು, ಮಿಕ್ಕ ಮೂರು ದಿನದ್ದು ಅನೊಜಿಗೆ. ಅವನು ಕೆಳಗೆ ನಿಂತು ಕೂಗಿದರೆ ಒಳಗಿಂದ ಅವಳ ಉತ್ತರ ಬರುತ್ತಿತ್ತು, "ಕಣ್ಣು ಮುಚ್ಕೊಂಡು ಹತ್ತಣ್ಣೋ!" ಇಪ್ಪತ್ತು ವರ್ಷದಿಂದ ಅದೇ ಕುಚೋದ್ಯ. ಅನೊಜಿ ಇಪ್ಪತ್ತು ವರ್ಷದಿಂದ ಅದಕ್ಕೆ ನಗುತ್ತಿದ್ದ.

ಮಳೆಗಾಲ ಹಿಡಿಯುವ ಹೊತ್ತಿಗೆ ಒಯಿದಿಯಾಳ ತವರಿನಲ್ಲಿ ಅವಳ ಅಣ್ಣ ಸತ್ತ. ಮನೆಗೆ ಕದ ಹಾಕಿ, ಹೆಣ್ಣುಮಕ್ಕಳನ್ನು ಕರೆದುಕೊಂಡು ಅವಳು ಮಣ್ಣಿಗೆ ಹೋದಳು. ಊರಲ್ಲಿ ನಾಲ್ಕು ದಿನಕ್ಕೊಮ್ಮೆ ಓರಿಯೆ ಸಂತೆ. ಅವಳು ಹೋದ ಮೇಲಿನ ಎರಡನೆಯ ಓರಿಯೆಯ ದಿನ ಬೆಳಗ್ಗೆ ಅನೊಜಿ ಅವಳ ಮರದ ಬುಡಕ್ಕೆ ಬಂದ. ರಾತ್ರಿಯೆಲ್ಲ ಮಳೆ ಸುರಿದು ಕಾಲುದಾರಿ ಕೆಸರಾಗಿದ್ದರಿಂದ ಸೈಕಲ್ಲನ್ನು ಮೇಲಿನ ರಸ್ತೆಯಲ್ಲೇ ಬಿಟ್ಟಿದ್ದ. ಮೂರು ದಿನದ ನೆಗಡಿಗೆ ಗಂಟಲು ಕಟ್ಟಿತ್ತು. ಅಂಗೈಗಳನ್ನು ಬಾಯಿಯ ಹತ್ತಿರ ತಂದ. ಮುಚ್ಚಿದ ಕದವನ್ನು ನೋಡಿದ. ಮನೆಯಲ್ಲಿ ನೊಣವೂ ಇಲ್ಲ, ಯಾರಿಗೆಂದು ಕೂಗಲಿ ಎಂದುಕೊಂಡು ಕೈ ಇಳಿಸಿದ. ಹಗ್ಗ ಬಿಗಿದು ಸುಮ್ಮನೆ ಹತ್ತಿಬಿಟ್ಟ.

ಮೇಲೆ ಹೋಗಿ ಹೊಂಬಾಳೆಯ ತುದಿಯನ್ನು ಒಂದು ಎಳೆಯಷ್ಟು ಸವರಿದ್ದನಷ್ಟೆ, ಕೆಳಗೆ ಕೆಸರಿನಲ್ಲಿ ಕಾಲು ಪಚಕ್ ಎಂದ ಸದ್ದು. ಗರಿಗಳ ಸಂದಿಯಿಂದ ಬಗ್ಗಿ ನೋಡಿದ. ಎಮೆನಿಕೆಯ ದಾಯಾದಿ ಇಬೆಕ್ವೆ. ಪಕ್ಕದ ಹೊಲ ಅವನದೇ. ಕೈಯಲ್ಲಿ ಹಾರೆ, ಕಂಕುಳಲ್ಲಿ ಹಸಿಗೂಟಗಳ ಹೊರೆ.

ಇಬೆಕ್ವೆ ಎರಡು ಹೊಲಗಳ ನಡುವಿನ ಗಡಿಗಿಡಗಳ ಹತ್ತಿರ ನಿಂತು ಕಿವಿಗೊಟ್ಟ. ರಸ್ತೆಯ ಕಡೆಗೆ ಕಿವಿಗೊಟ್ಟ, ಹೊಳೆಯ ಕಡೆಗೆ ಕಿವಿಗೊಟ್ಟ. ಮರದ ಬುಡವನ್ನೂ ಒಮ್ಮೆ ನೋಡಿದ. ಸೈಕಲ್ಲಿಲ್ಲ, ಕೂಗಿಲ್ಲ. ಕಳ್ಳಿಳಿಸುವವನು ಕೂಗದೆ ಮರದ ಮೇಲಿರುವುದುಂಟೆ? ಆಮೇಲೆ ಹಾರೆ ಹಾಕಿ ಮೊದಲ ಗಡಿಗಿಡವನ್ನು ಬುಡಸಮೇತ ಮೀಟಿದ.

ಅದು ಎಮೆನಿಕೆ ತನ್ನ ಕೈಯಾರೆ ನೆಟ್ಟ ಗಿಡ. ಆ ಜಾತಿಯ ಗಿಡವೇ ಹಾಗೆ, ಕೊಂಬೆ ಕಡಿದು ಗೂಟದಂತೆ ನೆಟ್ಟರೂ ಮಳೆಗೆ ಚಿಗುರುತ್ತದೆ. ಅದಕ್ಕೇ ಊರಿನವರು ಅದನ್ನು ಗಡಿಗೆ ನೆಡುವುದು. ಇಬೆಕ್ವೆ ಒಂದೊಂದೇ ಗಿಡವನ್ನು ಕಿತ್ತು, ಗುಂಡಿಯನ್ನು ತುಳಿದು ಮುಚ್ಚಿ, ಹನ್ನೆರಡು ಹೆಜ್ಜೆ ಒಳಗೆ, ಒಯಿದಿಯಾಳ ಗೆಣಸಿನ ಏರಿಗಳ ನಡುವೆ, ಹೊಸ ಗೂಟ ನೆಡುತ್ತ ಬಂದ. ಆ ಹನ್ನೆರಡು ಹೆಜ್ಜೆಯಲ್ಲಿ ಅವಳ ಅರ್ಧ ಗೆಣಸಿನ ಹೊಲವೂ ಹೋಯಿತು, ಅನೊಜಿ ತಬ್ಬಿಕೊಂಡಿದ್ದ ತಾಳೆಮರವೂ ಹೋಯಿತು.

ಅನೊಜಿಗೆ ಗಂಟಲು ತುರಿಸಿತು. ಒಂದು ಸಲ ಕೆಮ್ಮಿದರೆ ಸಾಕಿತ್ತು, ಇಬೆಕ್ವೆ ಹಾರೆ ಬಿಟ್ಟು ಓಡುತ್ತಿದ್ದ. ಆದರೆ ಕೆಮ್ಮಿದರೆ, 'ಕೂಗದೆ ಮರದ ಮೇಲೆ ಏನು ಮಾಡ್ತಿದ್ದೆ?' ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಇಬೆಕ್ವೆ ಸಾಮಾನ್ಯದವನಲ್ಲ, ತನ್ನ ಕಳ್ಳತನಕ್ಕೆ ಮೊದಲು ಇವನ ತಪ್ಪನ್ನು ಊರಿಗೆ ಸಾರಿಬಿಟ್ಟಾನು. ಅನೊಜಿ ಕೆಮ್ಮನ್ನು ನುಂಗಿದ. ಕಣ್ಣಲ್ಲಿ ನೀರು ಬಂತು. ಕೆಂಜಿಗವೊಂದು ಕತ್ತಿನ ಹಿಂದೆ ಇಳಿದು ಕಚ್ಚಿತು, ಅದನ್ನೂ ಸಹಿಸಿದ.

ಕೊನೆಯ ಗೂಟ ನೆಟ್ಟಾದ ಮೇಲೆ ಇಬೆಕ್ವೆ ಬೆವರೊರೆಸಿಕೊಳ್ಳುತ್ತ ಬಂದು ಅದೇ ಮರಕ್ಕೆ ಬೆನ್ನು ಕೊಟ್ಟು ನಿಂತ. ಇವನ ಪಾದಗಳಿಗೆ ನೇರ ಕೆಳಗೆ ಅವನ ಬೋಳುತಲೆ. ಹೊಂಬಾಳೆಗೆ ಕಟ್ಟಿದ್ದ ಬುರುಡೆ ರಾತ್ರಿಯೇ ತುಂಬಿತ್ತು. ಅದರ ಅಂಚಿನಲ್ಲಿ ಒಂದು ಹನಿ ದಪ್ಪಗಾಗುತ್ತಿತ್ತು. ಅನೊಜಿ ಉಸಿರು ಹಿಡಿದು ಅಂಗೈ ಚಾಚಿದ, ಹನಿ ಅಂಗೈಗೆ ಬಿತ್ತು. ಇನ್ನೊಂದು ಬಿತ್ತು. ಅಂಗೈ ತುಂಬುತ್ತ ಬಂತು. ಒಂದೇ ಕೈಯಲ್ಲಿ ಗರಿಯ ಬುಡವನ್ನು ಹಿಡಿದು, ಸೊಂಟದ ಹಗ್ಗದ ಮೇಲೆ ಭಾರವೆಲ್ಲ ಬಿಟ್ಟು, ಅವನು ಅಂಗೈಯನ್ನು ಬಾಯಿಗೆ ತಂದು ಸದ್ದಿಲ್ಲದೆ ನೆಕ್ಕಿ ಮತ್ತೆ ಚಾಚಿದ. ಹಾಗೆ ಎಷ್ಟು ಸಲ ಮಾಡಿದನೋ, ಇಬೆಕ್ವೆ ಕಿತ್ತ ಗಿಡಗಳನ್ನು ಹೊತ್ತು ಹೊಳೆಯ ಕಡೆಗೆ ಹೋಗುವ ಹೊತ್ತಿಗೆ ಅವನ ತೋಳು ಮರಗಟ್ಟಿತ್ತು. ಆ ದಿನದ ಕಳ್ಳು ಅವನಿಗೆ ಸಿಹಿಯೆನಿಸಲಿಲ್ಲ.

ಗೂಟಗಳು ಚಿಗುರಿದವು. ಹೊಲಕ್ಕೆ ಕಳೆ ಕೀಳಲು ಹೋದ ಒಯಿದಿಯಾ ಅವುಗಳನ್ನು ಕಂಡು ಅಲ್ಲೇ ಕುಸಿದು ಕೂತಳು. ಇಬೆಕ್ವೆಯದು ಸಿದ್ಧ ಉತ್ತರ. ಹಳೆಯ ಗಡಿ ತಪ್ಪಾಗಿತ್ತಂತೆ, ಎಮೆನಿಕೆಯೂ ತಾನೂ ಕೂಡಿಯೇ ಅದನ್ನು ಸರಿಮಾಡಿದ್ದಂತೆ, ಹೆಂಡತಿಗೆ ಹೇಳುವ ಮೊದಲೇ ಪಾಪ ಅವನು ಕಣ್ಣು ಮುಚ್ಚಿದನಂತೆ. ಹೋದ ವರ್ಷ ಆಡು ಮೇಯ್ದು ಹೋಗಿದ್ದ ಗಿಡ ಈ ವರ್ಷ ಮತ್ತೆ ಚಿಗುರಿದೆ, ಅಷ್ಟೇ. ತಾಳೆಮರದ ಕಳ್ಳನ್ನು ಇಷ್ಟು ದಿನ ಅವಳಿಗೆ ಬಿಟ್ಟದ್ದು ಹೆಣ್ಣುಮಕ್ಕಳ ಮನೆಯೆಂಬ ಕರುಣೆಯಿಂದ. ಸತ್ತವನು ಎದ್ದು ಬಂದು ಅಲ್ಲವೆನ್ನುವುದಿಲ್ಲವಲ್ಲ!

ಹಿರಿಯರು ಎರಡು ಸಲ ಕೂತರು. ಆ ಮೂಲೆಗೆ ಬೇರೆ ಯಾರೂ ಹೋಗುವವರಲ್ಲ, ಹಳೆಯ ಗಡಿಗೆ ಸಾಕ್ಷಿ ಸಿಗದೆ ಬಗೆಹರಿಯಲಿಲ್ಲ. ಮೂರನೆಯ ಸಲಕ್ಕೆ ಆಣೆ ಎಂದು ತೀರ್ಮಾನವಾಯಿತು. ಪೂರ್ವಿಕರ ಕೋಲು ಹಿಡಿದು, ಕಳ್ಳು ಕುಡಿದು ಇಬೆಕ್ವೆ ಆಣೆ ಹಾಕಿದರೆ ಭೂಮಿ ಅವನದು. ಸುಳ್ಳಾಣೆಯಾದರೆ ವರ್ಷದೊಳಗೆ ಪೂರ್ವಿಕರು ಅವನನ್ನು ವಿಚಾರಿಸಿಕೊಳ್ಳುತ್ತಾರೆ. ಇಬೆಕ್ವೆ ಹಿಂದಿನ ವರ್ಷವಷ್ಟೇ ಮಿಷನ್ನಿನ ಪಾದ್ರಿಗಳ ಹತ್ತಿರ ತಲೆಗೆ ನೀರು ಹಾಕಿಸಿಕೊಂಡಿದ್ದ. ಪೂರ್ವಿಕರು ಇನ್ನು ತನ್ನ ತಂಟೆಗೆ ಬರಲಾರರು, ಹೊಸ ದೇವರ ಹತ್ತಿರ ಆಮೇಲೆ ಮಾತಾಡಿಕೊಂಡರಾಯಿತು ಎಂಬುದು ಅವನ ಎಣಿಕೆ. ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಎನ್ನುತ್ತಾರೆ. ಇವನು ಎರಡರಲ್ಲೂ ಸವಾರಿ ಮಾಡುತ್ತಿದ್ದ.

ಆಣೆಯ ಹಿಂದಿನ ದಿನ ಇಬೆಕ್ವೆ ಅನೊಜಿಯ ಮನೆಯಂಗಳಕ್ಕೇ ಬಂದ.

"ಏನಪ್ಪಾ ಅನೊಜಿ, ನಾಳೆ ಬೆಳಗ್ಗೆ ಒಂದು ದೊಡ್ಡ ಬುರುಡೆ ಕಳ್ಳು ಬೇಕು. ನೀರು ಗೀರು ಬೆರೆಸ್ಬೇಡ, ಹಿರಿಯರು ಕುಡಿಯೋದು."

"ನಾನ್ಯಾವತ್ತು ಬೆರೆಸಿದ್ದೆ?"

"ತಮಾಷೆಗಂದೆ ಕಣೋ! ಅಂದಹಾಗೆ ಆ ಗಡಿ ಮರದ್ದೇ ಇಳಿಸು. ನಾಳೆಯಿಂದ ಅದು ನನ್ನದೇ ಅಲ್ವಾ, ಮೊದಲ ಕಳ್ಳು ಹಿರಿಯರಿಗಾಗ್ಲಿ." ಇಬೆಕ್ವೆ ಅವನ ಭುಜ ತಟ್ಟಿದ. "ಹೆದರ್ಬೇಡ, ಮರ ನನ್ನ ಕೈಗೆ ಬಂದ್ರೂ ನೀನೇ ಹತ್ತು. ನಿನ್ನ ಪಾಲು ಇನ್ನೂ ಒಂದು ದಿನ ಜಾಸ್ತಿ ಮಾಡ್ತೀನಿ. ನಿನ್ನಂಥ ಬಾಯಿ ಬಿಗಿ ಇರೋನು ಈ ಊರಲ್ಲಿ ಇನ್ಯಾರಿದಾರೆ?"

ಕೊನೆಯ ಮಾತಿಗೆ ಅನೊಜಿ ತಲೆಯೆತ್ತಿದ. ಇವನಿಗೆ ಏನಾದರೂ ಗೊತ್ತೋ? ಇಬೆಕ್ವೆಯ ಮುಖ ನೋಡಿದ. ಅಲ್ಲಿ ನಗು ಬಿಟ್ಟರೆ ಏನೂ ಇರಲಿಲ್ಲ. ಅವನಿಗೆ ಏನೂ ಗೊತ್ತಿಲ್ಲವೆಂಬುದೇ ಅನೊಜಿಗೆ ಹೆಚ್ಚು ನಾಚಿಕೆ ತಂದಿತು.

ಸಂಜೆ ಒಯಿದಿಯಾ ಬಂದಳು. ಒಳಗೆ ಬರಲಿಲ್ಲ, ಬೇಲಿಯ ಆಚೆಯೇ ನಿಂತಳು. ಒಂದು ತಿಂಗಳಲ್ಲಿ ಅವಳ ಕೆನ್ನೆ ಇಳಿದುಹೋಗಿತ್ತು.

"ಅನೊಜಿಯಣ್ಣ, ಮರದ ಮೇಲಿಂದ ನೀನು ಏನು ಕಂಡೆ ಅಂತ ನಾನು ಕೇಳಲ್ಲ. ಕೇಳೋದು ತಪ್ಪು, ಅದು ನನಗೂ ಗೊತ್ತು. ಒಂದೇ ಒಂದು ಕೇಳ್ಕೋತೀನಿ. ನನ್ನ ಗಂಡ ನೆಟ್ಟ ಮರ ಅದು. ಆ ಕಳ್ಳು ಕುಡಿದು ಅವನು ಆಣೆ ಹಾಕೋದು ಬೇಡ. ಬೇರೆ ಮರದ್ದು ಕೊಡು."

"ಅದನ್ನೇ ಕೇಳಿದಾನಮ್ಮ."

"ಕೇಳ್ತಾನೆ. ಮಾನಗೆಟ್ಟೋನು ಇನ್ನೇನು ಕೇಳ್ತಾನೆ?" ಸೆರಗಿನಿಂದ ಮೂಗೊರೆಸಿಕೊಂಡಳು. "ನಾನು ಅವತ್ತು ಮಣ್ಣಿಗೆ ಹೋಗಬಾರದಾಗಿತ್ತು. ಒಡಹುಟ್ಟಿದೋನು ಸತ್ತಿದ್ದ ಅಣ್ಣ, ಹೋಗದೆ ಹೇಗಿರ್ಲಿ?"

ಅವಳು ತಿರುಗಿ ಹೋದಳು. ಅವಳ ಬೆನ್ನು ದಾರಿಯ ತಿರುವಿನಲ್ಲಿ ಮರೆಯಾಗುವವರೆಗೂ ಅನೊಜಿ ನೋಡುತ್ತ ನಿಂತ.

ಅವನ ಹೆಂಡತಿ ಉಗೊಮಾ ಒಲೆಯ ಮುಂದೆ ಕೂತಿದ್ದವಳು ಎಲ್ಲ ಕೇಳಿಸಿಕೊಂಡಿದ್ದಳು. ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು. ಆ ಓರಿಯೆಯ ದಿನ ಅವನು ಮನೆಗೆ ಬಂದು ಗಂಜಿ ಮುಟ್ಟದೆ ಕೂತಾಗಲೇ ಬಾಯಿ ಬಿಡಿಸಿದ್ದಳು.

"ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ, ಏನೋ ಯೋಚನೆ ಮಾಡ್ತಿದೀಯ. ಬೇಡ ಕಣಯ್ಯ."

"ನಾನೇನೂ ಅಂದಿಲ್ವಲ್ಲ."

"ಅನ್ನೋದೂ ಬೇಡ. ಕಂಡದ್ದು ಹೇಳಿದ್ರೆ ನಿನ್ನ ಕುಲದ ಮಾತು ಮುರಿದ ಹಾಗೆ, ಇನ್ಯಾವ ಮನೆಯೋರು ನಿನ್ನನ್ನ ಮರಕ್ಕೆ ಬಿಡ್ತಾರೆ? ಕೂಗಿಲ್ಲ ಅಂತ ಗೊತ್ತಾದ್ರೆ ಹೆಂಗಸರು ಹಗ್ಗ ಕಿತ್ಕೋತಾರೆ. ಎರಡು ಕಡೆಯಿಂದ್ಲೂ ಬೀಳೋದು ನೀನೇ. ಮನೇಲಿ ಆರು ಬಾಯಿ ಇದೆ, ನಿನ್ನ ಹಗ್ಗ ಬೇಯಿಸಿ ಬಡಿಸ್ಲಾ ನಾನು?"

"ಅವಳ ಮನೇಲೂ ಮೂರು ಬಾಯಿ ಇದೆ."

"ಇದೆ. ನಾನೇನು ಕಲ್ಲಲ್ಲ." ಉಗೊಮಾ ಕೋಪ ಬಂದಂತೆ ಸೌದೆಯನ್ನು ಒಲೆಗೆ ನೂಕಿದಳು. "ಆದ್ರೆ ನೀನು ಅವತ್ತೇ ಒಂದು ಸಲ ಕೂಗಿದ್ರೆ ಇದೆಲ್ಲ ಬರ್ತಿರ್ಲಿಲ್ಲ. ನಿನ್ನ ಕೂಗು ಕೇಳಿದ್ರೆ ಆ ಕಳ್ಳ ಹೊಲಕ್ಕೇ ಇಳೀತಿರ್ಲಿಲ್ಲ."

ಅದು ಅವನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವನು ಮೂರು ಸಲ ಕೂಗಿದ್ದರೆ ಇಬೆಕ್ವೆ ಹಾರೆ ಎತ್ತಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿದ್ದ. ಕೂಗುವುದು ಹೆಂಗಸರ ಮಾನಕ್ಕೆಂದು ಇಷ್ಟು ವರ್ಷ ತಿಳಿದಿದ್ದ. ಖಾಲಿ ಮನೆಗೂ ಅದು ಕಾವಲಾಗಿತ್ತು. ಅನೊಜಿ ಆ ಸಂಜೆ ಊಟ ಮಾಡಲಿಲ್ಲ, ಉಗೊಮಾಳೂ ಮಾಡಲಿಲ್ಲ.

ಬೆಳಗ್ಗೆ ಮರದ ಬುಡದಲ್ಲಿ ಅವನು ಮೂರು ಸಲ ಕೂಗಿದ. ಒಳಗಿಂದ ಉತ್ತರ ಬರಲಿಲ್ಲ. ಮೇಲೆ ಹೋಗಿ ತುಂಬಿದ ಬುರುಡೆ ಬಿಚ್ಚಿ, ಖಾಲಿ ಬುರುಡೆ ಕಟ್ಟಿ ಇಳಿದು, ಹೆಗಲ ಮೇಲಿನ ಹಗ್ಗದೊಂದಿಗೇ ನೇರ ಊರ ನಡುವಿನ ದೊಡ್ಡ ಮರದ ನೆರಳಿಗೆ ಹೋದ.

ಜನ ಆಗಲೇ ಸೇರಿದ್ದರು. ನಡುವೆ ಹಿರಿಯ ಅಚೊಲೊನು, ಊರಲ್ಲೆಲ್ಲ ಹೆಚ್ಚು ವಯಸ್ಸಾದವನು. ಅವನ ಮಡಿಲಲ್ಲಿ ಪೂರ್ವಿಕರ ಕೋಲು. ಎಡಗಡೆ ಹಿರಿಯರು, ಬಲಗಡೆ ಹೆಂಗಸರು. ಹೆಂಗಸರ ಮುಂದೆ ಅವರ ಮುಖಂಡೆ ಅದಾಕು ಮುದುಕಿ ಚಾಪೆಯ ಮೇಲೆ ಕಾಲು ನೀಡಿಕೊಂಡು ಕೂತಿದ್ದಳು. ಒಯಿದಿಯಾ ಅವಳ ಹಿಂದೆ ತಲೆ ತಗ್ಗಿಸಿಕೊಂಡಿದ್ದಳು. ಅಚೊಲೊನು ಸಭೆಯ ತಾಂಬೂಲವಾದ ಕೋಲಾ ಬೀಜ ಒಡೆದು ಪೂರ್ವಿಕರಿಗೆ ಮಾತು ಹೇಳಿ ಎಲ್ಲರಿಗೂ ಹಂಚಿಸಿದ. ಆಮೇಲೆ ಇಬೆಕ್ವೆಯ ಕಡೆ ತಿರುಗಿದ.

"ಆಣೆಗೆ ಮುಂಚೆ ನಿನ್ನ ಮಾತು ಇನ್ನೊಂದು ಸಲ ಹೇಳಪ್ಪ. ಕಿವಿ ಇರೋರೆಲ್ಲ ಕೇಳ್ಲಿ."

ಇಬೆಕ್ವೆ ಬಿಳಿ ಅಂಗಿ ತೊಟ್ಟು ಬಂದಿದ್ದ. "ಗಡಿ ನೆಟ್ಟಿದ್ದು ನಾನೂ ಎಮೆನಿಕೆಯಣ್ಣನೂ ಸೇರ್ಕೊಂಡು. ಈ ಮಳೆಗಾಲದಲ್ಲಿ ಆ ಕಡೆ ನಾನು ಕಾಲೇ ಇಟ್ಟಿಲ್ಲ. ಒಯಿದಿಯಾ ಊರಲ್ಲಿಲ್ಲದಾಗ ನಾನೇ ಏನೋ ಮಾಡ್ದೆ ಅಂತಾಳೆ. ಅವಳು ತವರಿಗೆ ಹೋದ ಮಾರನೇ ದಿನವೇ ನಾನು ಅಬಾ ಪೇಟೆಗೆ ಹೋದೋನು, ಅವಳು ಬಂದ ಮೇಲೇ ಬಂದದ್ದು. ನಡುವೆ ಒಂದು ದಿನವೂ ಊರಿನ ಮಣ್ಣು ಮೆಟ್ಟಿಲ್ಲ. ಇದೇ ಮಾತಿಗೆ ಆಣೆ."

"ಅಬಾದಲ್ಲೇ ಇದ್ದೆ?"

"ಅಬಾದಲ್ಲೇ ಅಜ್ಜ."

ಒಯಿದಿಯಾ ತಲೆಯೆತ್ತಿ ಏನೋ ಹೇಳಹೊರಟಳು, ಅದಾಕು ಅವಳ ಮೊಣಕಾಲು ಒತ್ತಿ ಸುಮ್ಮನಾಗಿಸಿದಳು. ಅಚೊಲೊನು ಕೊಂಬಿನ ಬಟ್ಟಲನ್ನು ಮುಂದೆ ಚಾಚಿದ. ಅನೊಜಿ ಬುರುಡೆಯಿಂದ ಕಳ್ಳು ಬಗ್ಗಿಸಿದ. ಬಿಳಿ ನೊರೆ ಅಂಚಿನವರೆಗೂ ಏರಿತು. ಪದ್ಧತಿಯಂತೆ ಬಟ್ಟಲು ಮೊದಲು ಅವನ ಕೈಗೇ ಬಂತು. ಕಳ್ಳು ತಂದವನು ಮೊದಲ ಗುಟುಕು ಕುಡಿಯಬೇಕು. ಇದರಲ್ಲಿ ವಿಷವಿಲ್ಲ, ಇದರ ಮೇಲೆ ಆಡುವ ಮಾತಿನಲ್ಲೂ ನನಗೆ ಗೊತ್ತಿರುವ ವಿಷವಿಲ್ಲ ಎಂಬುದಕ್ಕೆ ಅದು ಗುರುತು. ಅದಾದ ಮೇಲೆ ಬಟ್ಟಲು ಆಣೆ ಹಾಕುವವನಿಗೆ.

ಅನೊಜಿ ಬಟ್ಟಲನ್ನು ತುಟಿಯವರೆಗೆ ತಂದ. ಹುಳಿಸಿಹಿ ವಾಸನೆ ಮೂಗಿಗೆ ಬಂತು, ಅಂಗೈಯಿಂದ ನೆಕ್ಕಿದ ಆ ಬೆಳಗಿನ ರುಚಿ ನಾಲಿಗೆಗೆ ಬಂತು. ಅವನು ಕುಡಿಯದೆ ತಲೆಯೆತ್ತಿ ನೋಡಿದ. ಜನರ ಹಿಂದೆ ಉಗೊಮಾ ನಿಂತಿದ್ದಳು. ಅವಳು ಬೇಡವೆಂದು ತಲೆಯಾಡಿಸುತ್ತಾಳೆಂದುಕೊಂಡ. ಅವಳು ಅವನನ್ನು ಸುಮ್ಮನೆ ನೋಡಿದಳು, ಆಮೇಲೆ ಕಣ್ಣು ಮುಚ್ಚಿಕೊಂಡಳು.

"ಯಾಕೋ, ಹುಳಿಯಾಗಿದ್ಯಾ?" ಎಂದು ಅಚೊಲೊನು ಕೇಳಿದ. ಒಂದಿಬ್ಬರು ನಕ್ಕರು.

"ಕಳ್ಳು ಚೆನ್ನಾಗಿದೆ ಅಜ್ಜ. ನಾನು ಚೆನ್ನಾಗಿಲ್ಲ." ಅನೊಜಿ ಬಟ್ಟಲನ್ನು ಕೆಳಗಿಟ್ಟ. "ನನ್ನದೊಂದು ತಪ್ಪಿದೆ. ಅದನ್ನ ಹೇಳದೆ ಈ ಮರದ ಕಳ್ಳು ನನ್ನ ಗಂಟಲಲ್ಲಿ ಇಳಿಯಲ್ಲ."

"ನಿನ್ನನ್ನ ಯಾರು ಸಾಕ್ಷಿ ಕೇಳಿದ್ರು?" ಇಬೆಕ್ವೆ ತಟ್ಟನೆ ಎದ್ದ. "ಕಳ್ಳಿಳಿಸೋನು ನ್ಯಾಯದಲ್ಲಿ ಬಾಯಿ ಹಾಕೋ ಹಾಗಿಲ್ಲ!"

"ಸಾಕ್ಷಿ ಹೇಳ್ತಿಲ್ಲ. ನನ್ನ ತಪ್ಪು ಹೇಳ್ತಿದೀನಿ. ಅದೂ ನಿನಗಲ್ಲ, ನಮ್ಮ ಅವ್ವಂದಿರಿಗೆ."

ಅನೊಜಿ ಹೆಂಗಸರ ಕಡೆ ತಿರುಗಿ ಮಣ್ಣಿನ ಮೇಲೆ ಮಂಡಿಯೂರಿದ. ಐವತ್ತು ದಾಟಿದ ಗಂಡಸು ಹಾಗೆ ಮಂಡಿಯೂರಿದ್ದನ್ನು ಊರು ಕಂಡಿರಲಿಲ್ಲ.

"ಒಯಿದಿಯಾ ಮಣ್ಣಿಗೆ ಹೋದ ಮೇಲೆ ಎರಡನೇ ಓರಿಯೆ. ಬೆಳಗ್ಗೆ. ಅವಳ ಹಿತ್ತಲ ಮರಕ್ಕೆ ನಾನು ಕೂಗದೆ ಹತ್ತಿದೆ. ಬಹಳ ಹೊತ್ತು ಮೇಲೇ ಇದ್ದೆ. ಇಷ್ಟೇ ನನ್ನ ತಪ್ಪು. ಏನು ಕಂಡೆ ಅಂತ ಹೇಳಲ್ಲ, ನೀವೂ ಕೇಳ್ಬೇಡಿ."

ಹೆಂಗಸರ ಕಡೆಯಿಂದ ಜೇನುಗೂಡಿಗೆ ಕಲ್ಲು ಬಿದ್ದಂತೆ ಗದ್ದಲ ಎದ್ದಿತು. ಆ ಗದ್ದಲದ ಮೇಲೆ ಇಬೆಕ್ವೆಯ ದನಿ ಸೀಳಿಕೊಂಡು ಬಂತು. ಅವನ ಮುಖ ಬೂದಿಯಾಗಿತ್ತು.

"ಸುಳ್ಳು! ಶುದ್ಧ ಸುಳ್ಳು ಇದು! ಆ ಓರಿಯೆ ದಿನ ಇವನು ಹತ್ತಲೇ ಇಲ್ಲ! ಮರದ ಬುಡದಲ್ಲಿ ಇವನ ಸೈಕಲ್ಲೂ ಇರ್ಲಿಲ್ಲ, ನಾನೇ ನೋಡ್—"

ಮಾತು ಅರ್ಧಕ್ಕೇ ನಿಂತಿತು. ಹೊರಗೆ ಬಂದದ್ದನ್ನು ಮತ್ತೆ ಒಳಗೆ ಹಾಕಿಕೊಳ್ಳುವವನಂತೆ ಇಬೆಕ್ವೆ ಬಾಯಿ ಮೇಲೆ ಕೈಯಿಟ್ಟ. ಹೆಂಗಸರೂ ಸುಮ್ಮನಾದರು. ಅಚೊಲೊನು ಮಡಿಲಿನ ಕೋಲನ್ನು ನಿಧಾನವಾಗಿ ನೆಟ್ಟಗೆ ಮಾಡಿದ.

"ಇಬೆಕ್ವೆ," ಎಂದ ಮುದುಕ, ದನಿ ಏರಿಸದೆ. "ಅಬಾದಿಂದ ಒಯಿದಿಯಾಳ ಹಿತ್ತಲ ಮರದ ಬುಡ ಕಾಣುತ್ತಾ?"

ಇಬೆಕ್ವೆ ಒಮ್ಮೆ ಹಿರಿಯರನ್ನು, ಒಮ್ಮೆ ತಾನು ಕುಡಿಯಬೇಕಾಗಿದ್ದ ಬಟ್ಟಲನ್ನು ನೋಡಿದ. ಆಮೇಲೆ ಬಿಳಿ ಅಂಗಿಯ ಕೊರಳುಪಟ್ಟಿಯನ್ನು ಸಡಿಲಿಸಿಕೊಳ್ಳುತ್ತ ಕೂತುಬಿಟ್ಟ. ಹಿರಿಯರು ತಲೆಗಳನ್ನು ಹತ್ತಿರ ತಂದು ಮಾತಾಡಿದರು, ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ಗೂಟಗಳನ್ನು ಇಬೆಕ್ವೆ ಇಂದೇ ತನ್ನ ಕೈಯಾರೆ ಕೀಳಬೇಕು, ಹಳೆಯ ಗಡಿಯಲ್ಲಿ ಹೊಸ ಗಿಡ ನೆಡಬೇಕು, ಊರೆಲ್ಲ ನಿಂತು ನೋಡಬೇಕು. ಗೆಣಸಿನ ಹೊಲ ಒಯಿದಿಯಾಳದು. ಮರ ಒಯಿದಿಯಾಳದು.

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಅನೊಜಿ ಇನ್ನೂ ಮಂಡಿಯೂರಿಯೇ ಇದ್ದ. ಯಾರೂ ಅವನಿಗೆ ಏಳು ಎಂದಿರಲಿಲ್ಲ.

ಅದಾಕು ಮುದುಕಿ ಗಂಟಲು ಸರಿಮಾಡಿಕೊಂಡಳು. "ಗಂಡಸರ ನ್ಯಾಯ ಮುಗೀತಲ್ಲ? ಇನ್ನು ನಮ್ಮದು."

"ಬೇಡ ಅಜ್ಜಿ!" ಒಯಿದಿಯಾ ಮುಖದಿಂದ ಸೆರಗು ತೆಗೆದಳು. "ನಾನು ಮನೇಲೇ ಇರ್ಲಿಲ್ಲ. ಖಾಲಿ ಮನೆ ಅದು. ಅಣ್ಣ ನನ್ನ ಏನೂ ನೋಡಿಲ್ಲ, ನನಗೇನೂ ಅವಮಾನ ಆಗಿಲ್ಲ."

"ಖಾಲಿ ಅಂತ ಅವನಿಗೆ ಹೇಗೆ ಗೊತ್ತು? ಕೂಗಿ ನೋಡಿದ್ನಾ?"

"ಅವನು ಬಾಯಿ ಬಿಡದೆ ಇದ್ದಿದ್ರೆ ನನ್ನ ಮಕ್ಕಳು ಬೀದಿಗೆ ಬೀಳ್ತಿದ್ರು ಅಜ್ಜಿ!"

"ಗೊತ್ತು ಕಣೇ. ನನಗೇನು ಕಣ್ಣಿಲ್ವಾ? ಒಳ್ಳೇ ಗಂಡಸು, ಅದಕ್ಕೇ ತಪ್ಪು ತಾನೇ ಹೇಳ್ದ." ಮುದುಕಿಯ ದನಿ ಒಂದು ಗಳಿಗೆ ಮೆತ್ತಗಾಯಿತು. "ಇವತ್ತು ಒಳ್ಳೇನು ಅಂತ ಬಿಟ್ರೆ, ನಾಳೆ ಕೆಟ್ಟೋನು ಬಂದು ನಾನೂ ಖಾಲಿ ಮನೆ ಅಂದ್ಕೊಂಡೆ ಅಂತಾನೆ. ಅವತ್ತು ತಟ್ಟಿ ಒಳಗೆ ನಿನ್ನ ಮಗಳಿರ್ತಾಳೆ. ಆಗ ಏನಂತೀಯ?"

ಒಯಿದಿಯಾ ಅನೊಜಿಯ ಹೆಗಲ ಮೇಲಿನ ಹಗ್ಗವನ್ನು ನೋಡಿದಳು.

"ಯಾರ ಹಿತ್ತಲ ಮರವೋ ಆ ಮನೆ ಹೆಂಗಸೇ ತೆಗೀಬೇಕು. ಏಳು."

ಅವಳು ಎದ್ದು ಬಂದಳು. ಹೆಜ್ಜೆ ಎತ್ತಿಡಲಾರದೆ ಬಂದಳು. ಅನೊಜಿ ತಲೆ ತಗ್ಗಿಸಿ ಹೆಗಲು ಮುಂದೆ ಮಾಡಿಕೊಟ್ಟ. ಇಪ್ಪತ್ತು ವರ್ಷದಲ್ಲಿ ಅವಳು ಅವನ ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು. ಹಗ್ಗ ಅವನ ಬೆವರಿಗೆ ಕಪ್ಪಾಗಿ, ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಅವಳ ಬೆರಳು ಅದರ ಗಂಟಿಗೆ ಸಿಕ್ಕಿಕೊಂಡಿತು.

"ಅಣ್ಣ, ನನ್ನ ಕೈಯಿಂದ..."

"ತಗೋ ತಾಯಿ," ಎಂದ ಅನೊಜಿ. "ಒದ್ದೆ ಜಾಗದಲ್ಲಿ ಇಡ್ಬೇಡ, ಬೂಷ್ಟು ಹಿಡಿಯುತ್ತೆ."

ಉಗೊಮಾ ಬಂದು ಅವನ ತೋಳು ಹಿಡಿದು ಎಬ್ಬಿಸಿದಳು. ಅಂಗಳಕ್ಕೆ ಬಂದ ಮೇಲೆ ಅವಳು, "ನಾಳೆಯಿಂದ ನನ್ನ ಜೊತೆ ಮರಗೆಣಸು ತುರಿಯೋಕೆ ಬಾ, ಕೈ ಚುರುಕಿದೆ ನಿಂದು," ಎಂದಳಷ್ಟೇ.

ಮಾರನೆಯ ದಿನ ಕೋಳಿ ಕೂಗಿದಾಗ ಅನೊಜಿಗೆ ಎಚ್ಚರವಾಯಿತು. ಮಲಗಿರಲು ನೋಡಿದ, ಕಾಲು ಕೇಳಲಿಲ್ಲ. ಸೈಕಲ್ಲಿಲ್ಲದೆ, ಚೂರಿಯಿಲ್ಲದೆ, ಬರಿಗೈಯಲ್ಲಿ ಕಾಲುದಾರಿ ಹಿಡಿದು ಒಯಿದಿಯಾಳ ಹಿತ್ತಿಲಿಗೆ ಬಂದು ನಿಂತ. ಹಳೆಯ ಗಡಿಯಲ್ಲಿ ಹೊಸ ಗಿಡಗಳು ನೆಟ್ಟಗೆ ನಿಂತಿದ್ದವು. ಮೇಲೆ, ಬಿಚ್ಚದೆ ಉಳಿದ ಬುರುಡೆಯಿಂದ ಕಳ್ಳು ತುಂಬಿ ಹರಿದು, ಕಾಂಡದ ಮೇಲೆ ಒದ್ದೆ ಗೆರೆಯೊಂದು ಇಳಿದು ಬರುತ್ತಿತ್ತು. ಇನ್ನು ನಾಲ್ಕು ದಿನ ಚೂರಿ ತಾಗದಿದ್ದರೆ ಹೊಂಬಾಳೆ ಒಣಗಿಹೋಗುತ್ತದೆ. ಮನೆಯ ಹಿಂದೆ ತಟ್ಟಿಯೊಳಗೆ ನೀರು ಮೊಗೆಯುವ ಸದ್ದಾಯಿತು.

ಅನೊಜಿ ಅಂಗೈಗಳನ್ನು ಬಾಯಿಗೆ ಹಿಡಿದ. ಆ ಓರಿಯೆಯ ದಿನ ಕೂಗಬೇಕಾಗಿದ್ದದ್ದನ್ನು ಕೂಗಿದ.

"ಮರಕ್ಕೆ ಬಂದೇ ಕಣ್ರವ್ವೋ!"

ನೀರಿನ ಸದ್ದು ನಿಂತಿತು. ಅವನು ಹೊರಡಲು ತಿರುಗಿದಾಗ ತಟ್ಟಿಯ ಒಳಗಿಂದ ಒಯಿದಿಯಾಳ ಉತ್ತರ ಬಂತು.

"ಕಣ್ಣು ಮುಚ್ಕೊಂಡು ಹತ್ತಣ್ಣೋ!"

ಅನೊಜಿ ಮರವನ್ನು ಮುಟ್ಟದೆ, ಬುಡದಲ್ಲೇ ನಿಂತು ಕಣ್ಣು ಮುಚ್ಚಿದ. ಅವಳು ಸ್ನಾನ ಮುಗಿಸಿ ಒಳಗೆ ಹೋದ ಸದ್ದು ಕೇಳುವವರೆಗೂ ಅವನು ಕಣ್ಣು ತೆರೆಯಲಿಲ್ಲ.